ನೆಲದ ತೇವಕ್ಕೆ ಹಾಸು ಮದ್ದಲ್ಲ

ಸಾವಿರ ಅಡಿ ಕೊಳವೆಬಾವಿ ಕೊರೆದರೂ ನೀರು ಸಿಗದ ಸೀಮೆಯಲ್ಲಿ ಮನೆಯ ನೆಲ ತೇವವಾಗುತ್ತದೆ ಎಂದರೆ ತೊಂಡೇಬಾವಿ, ಮಂಚೇನಹಳ್ಳಿ, ಗೌರಿಬಿದನೂರು ಕಡೆಯ ಓದುಗರಿಗೆ ನಗು ಬರಬಹುದು. ಆದರೆ ನೆಲಕ್ಕೆ ಏರುವ ತೇವ ಸಾವಿರ ಅಡಿ ಆಳದ್ದಲ್ಲ, ಮೇಲಿನ ನಾಲ್ಕಾರು ಅಡಿ ಮಣ್ಣಿನದು. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಆ ಮಣ್ಣು ನೀರು ಕುಡಿದು ತಣ್ಣಗಿರುತ್ತದೆ. 2021ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸುರಿದ ಭಾರಿ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದದ್ದನ್ನು ನೀವು ಮರೆತಿರಲಾರಿರಿ. ಅಂಥ ವರ್ಷಗಳಲ್ಲಿ ತಗ್ಗಿನ ಮನೆಗಳ ನೆಲ, ಗೋಡೆಯ ಬುಡ ಎರಡೂ ತಿಂಗಳುಗಟ್ಟಲೆ ಒಣಗುವುದಿಲ್ಲ.

ಇಂಥ ನೆಲವನ್ನು ಕಂಡಾಗ ಮನೆಯವರಿಗೆ ಮೊದಲು ಹೊಳೆಯುವ ಉಪಾಯ ವಿನೈಲ್ ಹಾಸು. ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟಿರುತ್ತಾರೆ. ಬೆಲೆ ಟೈಲ್ಸ್‌ಗಿಂತ ಕಡಿಮೆ, ಒಂದೇ ದಿನದ ಕೆಲಸ, ನೋಡಲು ಮರದ ಹಲಗೆಯಂತೆ ಅಂದ. ಮಕ್ಕಳು, ವಯಸ್ಸಾದವರು ಇನ್ನು ತಣ್ಣನೆಯ ನೆಲ ಮೆಟ್ಟಬೇಕಿಲ್ಲ ಎಂಬ ಸಮಾಧಾನ ಬೇರೆ. ಆದರೆ ಹಾಸು ತೇವವನ್ನು ನಿಲ್ಲಿಸುವುದಿಲ್ಲ, ಮುಚ್ಚುತ್ತದೆ ಅಷ್ಟೆ. ಮುಚ್ಚಿದ ತೇವ ತೆರೆದ ತೇವಕ್ಕಿಂತ ಆರೋಗ್ಯಕ್ಕೆ ಕೆಟ್ಟದ್ದು. ಅದು ಏಕೆ, ಹಾಸುವ ಮೊದಲು ನೆಲವನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಈ ವಾರ ನೋಡೋಣ.

ಬೇಸ್‌ಮೆಂಟ್ ಎಂದರೆ ಯಾವುದು?

ನಮ್ಮ ಮೇಸ್ತ್ರಿಗಳು ಬೇಸ್‌ಮೆಂಟ್ ಎನ್ನುವುದು ಪಾಯದ ಮೇಲೆ, ನೆಲಮಟ್ಟದಿಂದ ಮನೆಯೊಳಗಿನ ನೆಲದವರೆಗೆ ಕಟ್ಟುವ ಭಾಗವನ್ನು. ಹಿಂದಿನವರು ಎರಡು ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬರುವಂತೆ ಮನೆ ಕಟ್ಟುತ್ತಿದ್ದರು. ರಾಷ್ಟ್ರೀಯ ಕಟ್ಟಡ ಸಂಹಿತೆ ಕೂಡ ಈ ಎತ್ತರ ಸುತ್ತಲ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಇರಬೇಕು ಎನ್ನುತ್ತದೆ. ಪೇಟೆಯಲ್ಲಿ ಬೇಸ್‌ಮೆಂಟ್ ಎಂದರೆ ನೆಲಮಟ್ಟದ ಕೆಳಗಿನ ಕೋಣೆ. ವಾಹನಕ್ಕೋ ಸಾಮಾನಿಗೋ ಎಂದು ಕಟ್ಟಿದ ಈ ನೆಲಮಾಳಿಗೆಗಳಲ್ಲಿ ಕೆಲವು ಕಡೆ ಜನ ವಾಸಕ್ಕೂ ಇರುತ್ತಾರೆ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ರಸ್ತೆಗೆ ಪ್ರತಿ ಬಾರಿ ಡಾಂಬರೋ ಕಾಂಕ್ರೀಟೋ ಹಾಕಿದಾಗ ಅದು ಒಂದಿಷ್ಟು ಏರುತ್ತದೆ. ಮೂವತ್ತು ನಲವತ್ತು ವರ್ಷಗಳಲ್ಲಿ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಮೆಟ್ಟಿಲು ಇಳಿದು ಹೋಗುವಂತಾಗುತ್ತದೆ. ಯಾರೂ ನೆಲ ಅಗೆಯದಿದ್ದರೂ ಆ ಮನೆ ನೆಲಮಾಳಿಗೆಯಾಗಿಬಿಟ್ಟಿರುತ್ತದೆ. ನಮ್ಮ ಊರುಗಳಲ್ಲಿ ತೇವದ ತೊಂದರೆ ಹೆಚ್ಚಾಗಿ ಕಾಣುವುದು ಇಂಥ ಮನೆಗಳಲ್ಲೇ.

ಸಿಮೆಂಟು ನೀರನ್ನು ತಡೆಯದೇ?

ತೊಂಡೇಬಾವಿಯ ಹೆಸರು ರೈಲು ನಿಲ್ದಾಣದಿಂದಾಗಿ ಎಷ್ಟು ಪರಿಚಿತವೋ ಎಸಿಸಿ ಸಿಮೆಂಟ್ ಕಾರ್ಖಾನೆಯಿಂದಾಗಿ ಅಷ್ಟೇ ಪರಿಚಿತ. ಆದರೂ ಸಿಮೆಂಟಿನ ಸ್ವಭಾವದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಗಟ್ಟಿಯಾದ ಸಿಮೆಂಟು ಕಲ್ಲಿನಂತೆ ಕಂಡರೂ ಒಳಗೆ ಕೂದಲಿಗಿಂತ ಸಣ್ಣ ರಂಧ್ರಗಳ ಜಾಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ಈ ರಂಧ್ರಗಳು ಮಣ್ಣಿನ ನೀರನ್ನು ಮೇಲಕ್ಕೆಳೆಯುತ್ತವೆ. ಅದರ ಜೊತೆಗೆ ಆವಿಯ ರೂಪದಲ್ಲೂ ತೇವ ಏರುತ್ತಲೇ ಇರುತ್ತದೆ.

ಹೊಸ ನೆಲದ ಕಥೆ ಇನ್ನೊಂದು. 50 ಕಿಲೋ ಚೀಲದ ಸಿಮೆಂಟಿಗೆ ಸುಮಾರು 25ರಿಂದ 30 ಲೀಟರ್ ನೀರು ಬೆರೆಸುತ್ತಾರೆ. ಅದರಲ್ಲಿ ಸುಮಾರು 12 ಲೀಟರ್ ಮಾತ್ರ ಸಿಮೆಂಟಿನೊಡನೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ಉಳಿದದ್ದು ರಂಧ್ರಗಳಲ್ಲಿ ಉಳಿದು ನಿಧಾನವಾಗಿ ಆರಬೇಕು. ಮೇಲಿಂದ ನೀರು ಹಾಯಿಸಿ ಕ್ಯೂರಿಂಗ್ ಮಾಡಿದ್ದೂ ಅದಕ್ಕೆ ಸೇರುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಒಣಗಬೇಕು ಎಂಬ ಅಂದಾಜು ಇದಕ್ಕಾಗಿಯೇ ಬಂದದ್ದು. ಮಳೆಗಾಲದಲ್ಲಿ ಇದಕ್ಕಿಂತ ಹೆಚ್ಚೇ ಬೇಕು.

ಹಿಂದಿನ ಕಲ್ಲು ಚಪ್ಪಡಿ, ಗಾರೆ, ಕಾವಿ ನೆಲಗಳಲ್ಲಿ ಈ ತೇವ ಮೇಲೆ ಬಂದು ಗಾಳಿಗೆ ಆರಿಹೋಗುತ್ತಿತ್ತು. ಗೋಡೆಯ ಬುಡ ಉಪ್ಪು ಬಿಡುತ್ತಿತ್ತು, ನೆಲ ತಣ್ಣಗಿರುತ್ತಿತ್ತು, ಆದರೆ ಅಡಗಿ ಕುಳಿತ ತೇವವಿರಲಿಲ್ಲ. ವಿನೈಲ್ ಎಂಬುದು ಪ್ಲಾಸ್ಟಿಕ್. ಅದರ ಮೂಲಕ ಆವಿ ಹೊರಬರಲಾರದು. ಹಾಗಾಗಿ ಹಾಸಿನ ಕೆಳಗೆ ನೀರು ಕೂಡುತ್ತದೆ. ಸಿಮೆಂಟಿನ ಕ್ಷಾರ ಆ ನೀರಿನಲ್ಲಿ ಕರಗಿ ಅಂಟನ್ನು ಹಾಳು ಮಾಡುತ್ತದೆ. ಅಂಚು ಏಳುತ್ತದೆ, ಜೋಡಣೆಯ ಜಾಗ ಬಾಯಿ ಬಿಡುತ್ತದೆ, ನಡುವೆ ಗುಳ್ಳೆ ಬರುತ್ತದೆ. ಅಡಿಯ ಕತ್ತಲಲ್ಲಿ ಧೂಳು, ಅಂಟು, ತೇವ ಮೂರೂ ಸಿಕ್ಕಾಗ ಬೂಷ್ಟು ಬೆಳೆಯಲು ಇನ್ನೇನು ಬೇಕು?

ಶ್ವಾಸಕೋಶದ ಮೇಲೆ ಪರಿಣಾಮ

ಬೂಷ್ಟು ಎಂದರೆ ಶಿಲೀಂಧ್ರ. ಒದ್ದೆಯಾದ ವಸ್ತುವಿನ ಮೇಲೆ ಒಂದೆರಡು ದಿನಗಳಲ್ಲೇ ಅದು ಬೇರೂರಬಲ್ಲದು. ಅದರ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಹಾಸಿನ ಮೇಲೆ ನಡೆದಾಗ, ಗುಡಿಸಿದಾಗ ಅಂಚುಗಳಿಂದ ಹೊರಬಿದ್ದು ಗಾಳಿಯಲ್ಲಿ ತೇಲುತ್ತವೆ. ಅವುಗಳೊಡನೆ ಮುಗ್ಗಲು ವಾಸನೆಯೂ ಬರುತ್ತದೆ. ತೇವದ ಮನೆಯ ಧೂಳಿನಲ್ಲಿ, ಹಾಸಿಗೆಯಲ್ಲಿ ಧೂಳುಹುಳುಗಳೂ ಹೆಚ್ಚುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಕುರಿತೇ ಒಂದು ಮಾರ್ಗಸೂಚಿ ಹೊರತಂದಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕುಗಳು ಹೆಚ್ಚು ಎಂಬುದನ್ನು ಅದು ಹಲವು ದೇಶಗಳ ಅಧ್ಯಯನಗಳ ಆಧಾರದ ಮೇಲೆ ಹೇಳಿದೆ. ಹಾನಿಯಾಗಲು ಇಷ್ಟೇ ಬೂಷ್ಟು ಬೇಕು ಎಂಬ ಅಳತೆಗೋಲನ್ನು ಅದು ಕೊಟ್ಟಿಲ್ಲ. ಕಂಡಲ್ಲಿ ತೆಗೆಯಿರಿ, ತೇವದ ಮೂಲವನ್ನೇ ನಿಲ್ಲಿಸಿ ಎಂಬುದು ಅದರ ಸಾರ.

ಹೆಚ್ಚು ತೊಂದರೆ ಯಾರಿಗೆ? ನೆಲದ ಮೇಲೆ ತೆವಳುವ, ಆಡುವ ಮಕ್ಕಳಿಗೆ. ಚಾಪೆ ಹಾಸಿ ಮಲಗುವ ಹಿರಿಯರಿಗೆ. ಆಗಲೇ ಉಬ್ಬಸ ಇರುವವರಿಗೆ. ಉಬ್ಬಸ ರೋಗಿಗಳಲ್ಲಿ ಕೆಲವರಿಗೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರಕ್ಕೆ ಅಲರ್ಜಿಯಾಗಿ ಶ್ವಾಸನಾಳಗಳಿಗೆ ಕಾಯಂ ಹಾನಿಯಾಗುವುದುಂಟು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು, ಸೀನು, ಎದೆಯಲ್ಲಿ ಸಿಳ್ಳೆಯಂಥ ಸದ್ದು ಇದ್ದರೆ ಒಂದು ವಿಷಯ ಗಮನಿಸಿ. ನೆಂಟರ ಮನೆಗೆ ಹೋಗಿ ನಾಲ್ಕು ದಿನ ಇದ್ದಾಗ ಅದು ಕಡಿಮೆಯಾಗಿ, ಮನೆಗೆ ಬಂದ ರಾತ್ರಿಯೇ ಮರುಕಳಿಸುತ್ತದೆಯೇ? ಹಾಗಿದ್ದರೆ ವೈದ್ಯರಿಗೆ ಅದನ್ನು ಹೇಳಿ. ಔಷಧದ ಚೀಟಿಯಷ್ಟೇ ಮುಖ್ಯವಾದ ಸುಳಿವು ಅದು. ವೈದ್ಯರು ಇನ್ಹೇಲರ್ ಕೊಟ್ಟರೆ ಹಿಂಜರಿಯಬೇಡಿ. ಅದು ಚಟವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಮಾತು ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಗುವಿನ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಎಲ್ಲ ಕೆಮ್ಮಿಗೂ ನೆಲವನ್ನೇ ದೂರುವುದೂ ಸರಿಯಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯರೋಗದ ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಾಗೆಯೇ ತಣ್ಣನೆಯ ನೆಲ ಮೆಟ್ಟಿದರೆ ನೆಗಡಿ ಬರುತ್ತದೆ ಎಂಬುದು ನಿಜವಲ್ಲ, ನೆಗಡಿ ವೈರಾಣುಗಳಿಂದ ಬರುವಂಥದು.

ರೇಷ್ಮೆ ಸಾಕುವ ಕುಟುಂಬಗಳಿಗೆ ಒಂದು ಮಾತು. ಚಾಕಿ ಹುಳುವಿಗೆ ಶೇ. 85ರಿಂದ 90ರಷ್ಟು, ದೊಡ್ಡ ಹುಳುವಿಗೆ ಶೇ. 70ರ ಆಸುಪಾಸು ಗಾಳಿಯ ತೇವಾಂಶ ಬೇಕು. ಮನುಷ್ಯರ ಮನೆಯಲ್ಲಿ ಅದು ಶೇ. 60 ದಾಟದಿದ್ದರೆ ಒಳ್ಳೆಯದು. ಹುಳುವಿಗೆ ಹಿತವಾದ ಹವೆ ಬೂಷ್ಟಿಗೂ ಹಿತವೇ. ಆದ್ದರಿಂದ ಹುಳು ಸಾಕುವ ಕೋಣೆಯಲ್ಲೇ ಮಲಗಬೇಡಿ. ಆ ಕೋಣೆಗೆ ವಿನೈಲ್ ಬೇಡವೇ ಬೇಡ.

ಮೊದಲು ಪರೀಕ್ಷೆ

ಪರೀಕ್ಷೆಗೆ ಖರ್ಚೇನೂ ಇಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಹಾಳೆಯ ನಾಲ್ಕೂ ಅಂಚುಗಳನ್ನು ಅಗಲ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಕೆಳಭಾಗದಲ್ಲಿ ಹನಿ ಕೂತಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲೆ ಮಾತ್ರ ಹನಿ ಇದ್ದರೆ ಗಾಳಿಯ ತೇವ ತಣ್ಣನೆಯ ನೆಲಕ್ಕೆ ತಾಗಿ ನೀರಾಗಿದೆ ಎಂದರ್ಥ. ಅದಕ್ಕೆ ಬೇಕಾದ್ದು ಕಿಟಕಿ, ಬೆಳಕು, ಗಾಳಿ. ಈ ಪರೀಕ್ಷೆಯನ್ನು ಕೋಣೆಯ ನಡುವೆ, ಹೊರಗೋಡೆಯ ಬದಿಗೆ, ಬಚ್ಚಲಿನ ಪಕ್ಕ ಹೀಗೆ ಮೂರು ಕಡೆ ಮಾಡಿ. ಬೇಸಿಗೆಯಲ್ಲಿ ಎಲ್ಲ ನೆಲವೂ ಒಣಗಿದಂತೆಯೇ ಕಾಣುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಾಡಿದ ಪರೀಕ್ಷೆಯನ್ನೇ ನಂಬಿ.

ರಿಪೇರಿ ಹೊರಗಿನಿಂದ ಒಳಕ್ಕೆ

ತೇವ ಕಂಡರೆ ಒಳಗೆ ಏನನ್ನೂ ಹಾಕುವ ಮೊದಲು ಹೊರಗೆ ಹೋಗಿ ನೋಡಿ. ಛಾವಣಿಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಚರಂಡಿ ಕಟ್ಟಿದೆಯೇ? ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಇದೆಯೇ? ಬಚ್ಚಲಿನ ಕೊಳಾಯಿ, ನೀರಿನ ತೊಟ್ಟಿ ಸೋರುತ್ತಿವೆಯೇ? ಅಂಗಳದ ಇಳಿಜಾರು ಮನೆಯ ಕಡೆಗಿದ್ದರೆ ಅದನ್ನು ಹೊರಕ್ಕೆ ತಿರುಗಿಸಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಅರ್ಧ ತೇವ ಕಡಿಮೆಯಾಗುತ್ತದೆ.

ಕೋಣೆ ನೆಲಮಟ್ಟಕ್ಕಿಂತ ಕೆಳಗಿದ್ದು ಮಳೆಗೆ ಒಮ್ಮೆಯಾದರೂ ಒಳಗೆ ನೀರು ನಿಂತಿದ್ದರೆ ಅಲ್ಲಿ ವಿನೈಲ್ ಹಾಸುವ ಯೋಚನೆಯನ್ನೇ ಬಿಡಿ. ಹೊರಗೆ ಕಾಲುವೆ ತೆಗೆದು, ನೀರನ್ನು ಒಂದು ಗುಂಡಿಗೆ ಹರಿಸಿ ಪಂಪಿನಿಂದ ಹೊರಹಾಕುವ ವ್ಯವಸ್ಥೆ ಆಗುವವರೆಗೆ ಆ ಕೋಣೆ ಮಲಗಲು ಯೋಗ್ಯವಲ್ಲ.

ನೆಲ ಕಟ್ಟುವ ಬಗೆ

ಹೊರಗಿನದು ಸರಿಯಾದ ಮೇಲೂ ನೆಲ ತೇವವಾಗಿದ್ದರೆ ಅದನ್ನು ಎತ್ತರಿಸಿ ಕಟ್ಟಬೇಕು. ಮೇಸ್ತ್ರಿಯೊಡನೆ ಮಾತಾಡುವಾಗ ಈ ಕ್ರಮ ನಿಮಗೆ ತಿಳಿದಿರಲಿ.

ಹಳೆಯ ನೆಲ ಗಟ್ಟಿಯಾಗಿದ್ದರೆ ಒಡೆಯಬೇಕಿಲ್ಲ. ಬಿರುಕು ಮುಚ್ಚಿಸಿ, ಚೂಪಾದ ಉಬ್ಬುಗಳನ್ನು ತೆಗೆಸಿ, ಗುಡಿಸಿ. ಕುಸಿದಿದ್ದರೆ ಅಥವಾ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಗೆಸಲೇಬೇಕು. ಆಗ ಮಣ್ಣು ತುಂಬುವುದನ್ನು ಅರ್ಧರ್ಧ ಅಡಿಯ ಪದರಗಳಲ್ಲಿ ಮಾಡಿ ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಹಾಕಿಸಿ. ಅದರ ಮೇಲೆ ದಪ್ಪ ಜಲ್ಲಿಯ ಪದರ ಬರಲಿ. ಜಲ್ಲಿಯ ನಡುವಿನ ಸಂದುಗಳು ದೊಡ್ಡವಾದ್ದರಿಂದ ಬತ್ತಿಯಂತೆ ನೀರು ಏರಲಾರದು. ಜಲ್ಲಿಯ ಮೇಲೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿಯ ಕಾಂಕ್ರೀಟು ನಾಲ್ಕು ಅಂಗುಲ ಹಾಕುವುದು ರೂಢಿ.

ಇದರ ಮೇಲೆ ಬರುವುದು ಅತಿ ಮುಖ್ಯವಾದ ಪ್ಲಾಸ್ಟಿಕ್ ಹಾಳೆ. 250 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆಯನ್ನು ತೂತಿಲ್ಲದಂತೆ ಹಾಸಿ. ಎರಡು ಹಾಳೆ ಕೂಡುವಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರಬೇಕು, ಟೇಪು ಹಚ್ಚಬೇಕು. ಗೋಡೆಯ ಬದಿಗೆ ಸ್ಕರ್ಟಿಂಗ್ ಎತ್ತರದವರೆಗೆ ಹಾಳೆಯನ್ನು ಮಡಚಿ ಏರಿಸಿ. ತೇವ ಹೇಗೂ ಪ್ಲಾಸ್ಟಿಕ್ಕಿನ ಕೆಳಗೇ ನಿಲ್ಲುವುದಾದರೆ ಹಾಸಿನ ಕೆಳಗೆ ನಿಂತರೇನು ಎಂದು ನೀವು ಕೇಳಬಹುದು. ವ್ಯತ್ಯಾಸವಿದೆ. ಇಲ್ಲಿ ತೇವ ನಿಲ್ಲುವುದು ಎರಡು ಮೂರು ಅಂಗುಲ ಕಾಂಕ್ರೀಟಿನ ಕೆಳಗೆ. ಅಲ್ಲಿ ಕೊಳೆಯಲು ಅಂಟಿಲ್ಲ, ಧೂಳಿಲ್ಲ, ಬೀಜಾಣು ಹೊರಬರಲು ಸಂದಿಯೂ ಇಲ್ಲ.

ಹಾಳೆಯ ಮೇಲೆ ಎರಡರಿಂದ ಮೂರು ಅಂಗುಲ ಕಾಂಕ್ರೀಟು ಹಾಕಿ ನಯವಾಗಿ ಮಟ್ಟ ಮಾಡಿಸಿ. ಎರಡು ಅಂಗುಲಕ್ಕಿಂತ ತೆಳುವಾದರೆ ಅದು ಬಿರಿಯುತ್ತದೆ. 10 ಅಡಿ ಉದ್ದ, 12 ಅಡಿ ಅಗಲದ ಕೋಣೆಗೆ ಎರಡು ಅಂಗುಲ ಎಂದರೆ 20 ಘನ ಅಡಿ ಕಾಂಕ್ರೀಟು ಬೇಕಾಗುತ್ತದೆ. ಒಂದು ವಾರದಿಂದ ಹತ್ತು ದಿನ ನೀರು ಹಾಯಿಸಿ, ಆಮೇಲೆ ಕಿಟಕಿ ಬಾಗಿಲು ತೆರೆದು ಎರಡು ಮೂರು ತಿಂಗಳು ಒಣಗಲು ಬಿಡಿ. ಆನಂತರ ಮತ್ತೆ ಅದೇ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಹನಿ ಇಲ್ಲದಿದ್ದರೆ ಮಾತ್ರ ಹಾಸು ತನ್ನಿ. ಬೇಸಿಗೆಯ ಆರಂಭದಲ್ಲಿ ಕೆಲಸ ಹಿಡಿದರೆ ಮಳೆಯೊಳಗೆ ಎಲ್ಲ ಮುಗಿಯುತ್ತದೆ.

ವಿನೈಲ್ ತೆಳು ಹಾಸು. ಕೆಳಗಿನ ಸಣ್ಣ ಕಲ್ಲೂ ಮೇಲೆ ಎದ್ದು ಕಾಣುತ್ತದೆ, ಅಲ್ಲೇ ಹರಿಯುತ್ತದೆ. ಹತ್ತು ಅಡಿ ನೇರ ಪಟ್ಟಿ ಇಟ್ಟು ನೋಡಿದರೆ ಅಡಿಯ ಸಂದು ಐದು ಮಿಲಿಮೀಟರ್ ಮೀರಬಾರದು.

ಅಮೆರಿಕ, ಕೆನಡಾಗಳಲ್ಲಿ ನೆಲಮಾಳಿಗೆಯ ಕಾಂಕ್ರೀಟಿನ ಮೇಲೆ ಉಬ್ಬುಗಳಿರುವ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪ್ಲೈವುಡ್ ಹಾಕಿ ನೆಲ ಎತ್ತರಿಸುವ ಪದ್ಧತಿ ಇದೆ. ಅಲ್ಲಿಯ ಚಳಿಗೆ ಅದು ಸರಿ. ನಮ್ಮಲ್ಲಿ ತೇವದ ನೆಲಕ್ಕೆ ಪ್ಲೈವುಡ್ ಹಾಕುವುದೆಂದರೆ ಗೆದ್ದಲಿಗೆ ಊಟ ಬಡಿಸಿದಂತೆ.

ನೆಲ ಎತ್ತರಿಸುವಾಗ ಹಿರಿಯರ ಕಾಲನ್ನು ನೆನಪಿಡಿ. ಒಂದು ಕೋಣೆ ಮಾತ್ರ ಮೂರು ಅಂಗುಲ ಏರಿದರೆ ಬಾಗಿಲಲ್ಲಿ ಎಡವಿ ಬೀಳುವವರು ಅವರೇ, ಸೊಂಟದ ಮೂಳೆ ಮುರಿಯುವುದು ಹೀಗೆಯೇ. ಅಂಥಲ್ಲಿ ಇಳಿಜಾರು ಮಾಡಿಸಿ ಅಥವಾ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ ಹಚ್ಚಿ. ಬಚ್ಚಲಿನ ನೆಲ ಕೋಣೆಗಿಂತ ಒಂದೆರಡು ಅಂಗುಲ ತಗ್ಗಿನಲ್ಲೇ ಇರಲಿ. ಹಾಸು ಆರಿಸುವಾಗ ಮಿರಮಿರ ಹೊಳೆಯುವುದು ಬೇಡ, ಸ್ವಲ್ಪ ಒರಟು ಮೈಯದು ಜಾರುವುದಿಲ್ಲ.

ಕೆಲಸದ ಸಮಯದ ಎಚ್ಚರ

ಹಸಿ ಸಿಮೆಂಟು ಕ್ಷಾರ, ಚರ್ಮ ಸುಡುತ್ತದೆ. ಬರಿಗಾಲಲ್ಲಿ ಅದನ್ನು ತುಳಿಯಬಾರದು. ಗಾರೆ ಕೆಲಸದವರಿಗೆ ಗಮ್‌ಬೂಟು, ಕೈಗವಸು ಕೊಡಿಸಿ. ಕಾಂಕ್ರೀಟು, ಕಲ್ಲುಗಳನ್ನು ಒಣದಾಗಿ ಉಜ್ಜಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಕಾಯಂ ಆಗಿ ಕೆಡಿಸುತ್ತದೆ. ನೀರು ಹಾಕಿಕೊಂಡೇ ಉಜ್ಜಿಸಿ, ಎನ್-95 ಮುಖಗವಸು ಇರಲಿ. ಹಳೆಯ ಕಟ್ಟಡಗಳಲ್ಲಿ ದಶಕಗಳ ಹಿಂದೆ ಅಂಟಿಸಿದ ವಿನೈಲ್ ಟೈಲುಗಳಲ್ಲಿ ಕಲ್ನಾರು ಇರಬಹುದು. ಅವನ್ನು ಒಡೆಯಬೇಡಿ, ಉಜ್ಜಬೇಡಿ.

ಹಾಸಿನ ಅಂಟಿನ ಹಬೆ ಬೇಗ ಬೆಂಕಿ ಹತ್ತುವಂಥದು, ತಲೆನೋವು ತರುವಂಥದು. ಅಂಟು ಹಚ್ಚುವಾಗ ಒಲೆ, ದೀಪ, ಊದುಬತ್ತಿ ಯಾವುದೂ ಉರಿಯಬಾರದು. ವಾಸನೆ ಹೋಗುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಕಡೆ ಮಲಗಿಸಿ.

ಹಳೆಯ ಹಾಸು ಎತ್ತಿದಾಗ ಬೂಷ್ಟು ಕಂಡರೆ ಒಣ ಪೊರಕೆಯಿಂದ ಗುಡಿಸಬೇಡಿ. ಮುಖಗವಸು ಹಾಕಿ, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಬ್ಲೀಚಿಂಗ್ ಪುಡಿಯನ್ನು ಯಾವ ಕಾರಣಕ್ಕೂ ನೆಲ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಅಪಾಯ.

ಹಣ ಸಾಲದಿದ್ದರೆ?

ಇಷ್ಟೆಲ್ಲ ಮಾಡಿಸುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಬಾಡಿಗೆ ಮನೆಯಲ್ಲಿರುವವರು ನೆಲ ಅಗೆಸುವಂತೆಯೂ ಇಲ್ಲ. ಅಂಥವರು ಹಾಸಿಗೆ ಹಾಕುವ ದುಡ್ಡನ್ನು ಚರಂಡಿ ಸರಿ ಮಾಡಲು, ಕಿಟಕಿ ಇಡಿಸಲು ಬಳಸಿ. ನೆಲವನ್ನು ತೆರೆದೇ ಬಿಡಿ. ಮಂಚವೋ ಹಲಗೆಯೋ ಇಟ್ಟು ನೆಲದಿಂದ ಒಂದು ಅಡಿ ಮೇಲೆ ಮಲಗಿ. ಕೂರಲು ಚಾಪೆ ಬಳಸಿ, ದಿನಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕಿ. ಬೀರು, ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಅಂಗುಲ ಸರಿಸಿಡಿ. ಒದ್ದೆ ಬಟ್ಟೆ ಒಳಗೆ ಒಣಗಿಸಬೇಡಿ. ಕಾವಿ ನೆಲವೋ ಕಲ್ಲು ಚಪ್ಪಡಿಯೋ ಬಡತನದ ಗುರುತಲ್ಲ. ಉಸಿರಾಡುವ ನೆಲದ ಮನೆಯಲ್ಲಿ ಮನೆಯವರೂ ಸುಖವಾಗಿ ಉಸಿರಾಡುತ್ತಾರೆ.

ಹಾಸು ಕೊಳ್ಳುವ ಮುನ್ನ ಕೇಳಿಕೊಳ್ಳಿ

1. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿದ್ದೇನೆಯೇ?

2. ಗೋಡೆಯ ಬುಡಕ್ಕೆ ನೀರು ಬರುವುದನ್ನು ಹೊರಗಿನಿಂದಲೇ ತಡೆದಿದ್ದೇನೆಯೇ?

3. ಹೊಸ ನೆಲವಾದರೆ ಅಂಗುಲಕ್ಕೊಂದು ತಿಂಗಳಂತೆ ಒಣಗಿಸಿದ್ದೇನೆಯೇ?

4. ಬಾಗಿಲಲ್ಲಿ ಎಡವುವಂತಿಲ್ಲ, ಹಾಸಿನ ಮೇಲೆ ಜಾರುವಂತಿಲ್ಲ ಎಂಬುದನ್ನು ನೋಡಿದ್ದೇನೆಯೇ?

5. ಹಾಸಿದ ಮೇಲೆ ಬಕೆಟ್ ನೀರು ಸುರಿದು ತೊಳೆಯದೆ, ಹಿಂಡಿದ ಬಟ್ಟೆಯಿಂದ ಒರೆಸುವ ಅಭ್ಯಾಸ ಮನೆಯಲ್ಲಿ ಆಗುವುದೇ?

ಇವುಗಳಲ್ಲಿ ಮೊದಲ ಮೂರಕ್ಕೆ ‘ಹೌದು’ ಎನ್ನಲಾಗದಿದ್ದರೆ ಹಾಸು ಈ ವರ್ಷ ಅಂಗಡಿಯಲ್ಲೇ ಇರಲಿ.